ಮೈಗೆ ಹತ್ತಿದ ಮದ್ದು

ಜುಲೈ 3, ಗುರುವಾರ

ಮೊದಲು ನನ್ನ ಕೆಟ್ಟ ಅಕ್ಷರಕ್ಕೂ ತಪ್ಪುಗಳಿಗೂ ಕ್ಷಮೆ ಇರಲಿ. ಇದನ್ನು ಓದುವವರು ಯಾರೂ ಇಲ್ಲ, ಆದರೂ ಹೀಗೆ ಬರೆಯದೆ ಶುರು ಮಾಡಲು ಕೈ ಬರುವುದಿಲ್ಲ. ನಾನು ಬೆಳೆದ ಕಕ್ಕಬೆಯ ಶಾಲೆಯಲ್ಲಿ ವಿಶಾಲಾಕ್ಷಮ್ಮ ಟೀಚರ್ ಕಾಗದ ಬರೆಯಲು ಕಲಿಸುವಾಗ ನನ್ನ ಬರಹ ನೋಡಿ, "ಸಣ್ಣಸ್ವಾಮಿ, ನೀನು ಮೊದಲೇ ಕ್ಷಮೆ ಕೇಳಿಬಿಡು ಮಾರಾಯ, ಓದುವವರಿಗೆ ಸಮಾಧಾನ ಆಗ್ತದೆ" ಎಂದಿದ್ದರು. ಐದನೇ ಕ್ಲಾಸಿಗೆ ಓದು ಬಿಟ್ಟೆ. ಆಮೇಲೆ ನಾನು ಬರೆದದ್ದೆಂದರೆ ಕಾಫಿ ಚೀಲದ ಮೇಲಿನ ನಂಬರು ಮಾತ್ರ.

ನಿನ್ನೆ ಮೈಸೂರಿನ ಆಸ್ಪತ್ರೆಯಲ್ಲಿ ದೊಡ್ಡವ್ವನಿಗೆ ಮೊದಲನೇ ಕೀಮೋ ಆಯಿತು. ಕ್ಯಾನ್ಸರ್ ಗಡ್ಡೆಯನ್ನು ಮೇ ತಿಂಗಳಲ್ಲೇ ಆಪರೇಷನ್ ಮಾಡಿ ತೆಗೆದಿದ್ದಾರೆ. ಎಲ್ಲಿಂದ ತೆಗೆದರು ಎಂದು ಬರೆಯಲು ನಾಚಿಕೆಯಾಗುತ್ತದೆ. ನನ್ನನ್ನು ಹೆತ್ತವಳು ಹೆರಿಗೆಯಲ್ಲೇ ಹೋದಳು. ಅವಳ ಅಕ್ಕ ಈ ರಂಗಮ್ಮ ದೊಡ್ಡವ್ವನೇ ನನ್ನನ್ನು ಸಾಕಿದ್ದು. ನನಗೆ ಇರುವುದು ಇವಳೊಬ್ಬಳೇ.

ನವ್ಯಾ ಸಿಸ್ಟರ್ ಚೆನ್ನಾಗಿ ಬಿಡಿಸಿ ಹೇಳಿದರು. ಗಡ್ಡೆ ತೆಗೆದರೂ ಕಣ್ಣಿಗೆ ಕಾಣದ್ದು ಎಲ್ಲಾದರೂ ಉಳಿದಿರಬಹುದು, ಅದನ್ನು ಕೊಲ್ಲುವುದಕ್ಕೆ ಈ ಮದ್ದು. ಬೇಗ ಬೆಳೆಯುವುದನ್ನೆಲ್ಲ ಇದು ಹೊಡೆಯುತ್ತದಂತೆ. ಅದಕ್ಕೇ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ರಕ್ತ ಕಮ್ಮಿಯಾಗುತ್ತದೆ. ಅವು ಮತ್ತೆ ಬೆಳೆಯುತ್ತವೆ.

"ಕಳೆಗೆ ಹೊಡೆದ್ರೆ ಶುಂಠಿ ಎಲೆನೂ ಒಂಚೂರು ಬಾಡ್ತದೆ, ಹಂಗೆ ತಾನೆ?" ಎಂದಳು ದೊಡ್ಡವ್ವ.

"ಹಂಗೇ ಅಜ್ಜಿ" ಎಂದರು ಸಿಸ್ಟರ್.

"ಅಜ್ಜಿ ಅನ್ಬ್ಯಾಡ ಕಣವ್ವ. ಹೋದ ವರ್ಷ ಪಿಕ್ಕಿಂಗಲ್ಲಿ ನನ್ನ ಸಮಕ್ಕೆ ಕಾಫಿ ಕುಯ್ದೋರು ಯಾರೂ ಇರ್ಲಿಲ್ಲ."

ಎರಡು ಮದ್ದು ಕೊಟ್ಟರು. ಒಂದು ನೀರಿನ ಹಾಗೆ ಬಣ್ಣವೇ ಇಲ್ಲದ್ದು. ಇನ್ನೊಂದು ದಾಸವಾಳ ಕಿವುಚಿದ ಹಾಗೆ ಕೆಂಪು. ಇಂಥದ್ದು ಮೂರು ಮೂರು ವಾರಕ್ಕೆ ನಾಲ್ಕು ಸಲ. ಆಮೇಲೆ ಬೇರೆ ಮದ್ದು, ಅದಾದ ಮೇಲೆ ರೇಡಿಯೇಷನ್ನಿನ ಕರೆಂಟು ಕೊಡುವುದು. ಒಂದನ್ನೂ ಬಿಡಬಾರದು, ಪೂರ್ತಿ ಮುಗಿಸಿದರೇ ಫಲ. ಸಿಸ್ಟರ್ ನನ್ನ ಕಡೆ ತಿರುಗಿ, "ಎರಡು ದಿನ ಯೂರಿನ್ ಕೆಂಪಾಗಿ ಹೋಗ್ತದೆ, ಹೆದರಬೇಡಿ. ನೀರು ಜಾಸ್ತಿ ಕುಡಿಸಿ. ಜ್ವರ ಬಂದ್ರೆ ಮನೇಲಿ ಮಾತ್ರೆ ಕೊಟ್ಟು ಮುಚ್ಚಿಡಬೇಡಿ, ಈ ನಂಬರಿಗೆ ಫೋನ್ ಮಾಡಿ" ಎಂದರು. ನಾನು ನೆಲ ನೋಡುತ್ತಾ ತಲೆಯಾಡಿಸಿದೆ. ವಾಂತಿ, ಜ್ವರ ಎಲ್ಲ ಬರೆದಿಡಲು ಹೇಳಿದ್ದಾರೆ. ಅದನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಅಲ್ಲಿ ಹಿಡಿಸದ್ದು ಇಲ್ಲಿಗೆ.

ಇವತ್ತು ಬೆಳಿಗ್ಗೆ ದೊಡ್ಡವ್ವ ಕಕ್ಕಸಿನಿಂದ ಬಂದವಳು, "ಲೇ ಸಣ್ಣಾ, ಒಂದಕ್ಕೆ ಹೋದ್ರೆ ಆಟಿ ಸೊಪ್ಪು ತಿಂದಂಗೇ ಐತೆ ಕಣ್ಲಾ! ಮದ್ದು ಮೈಗೆ ಹತ್ತಿತು" ಎಂದು ನಕ್ಕಳು. ಕಕ್ಕಬೆಯಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ಮದ್ದು ಸೊಪ್ಪು ತಿಂದರೂ ಹೀಗೇ ಕೆಂಪಾಗುತ್ತಿತ್ತು. ನಾನು ಒಲೆಯ ಕಡೆ ತಿರುಗಿಕೊಂಡೆ.

ಜುಲೈ 5

ನಾಲ್ಕು ಸಲ ವಾಂತಿ. ಒಗ್ಗರಣೆಯ ವಾಸನೆ ಬಂದರೆ ಸಾಕು, ಬಾಯಿಗೆ ಸೆರಗು ಹಿಡಿದು ಎದ್ದು ಹೋಗುತ್ತಾಳೆ. ವಾಂತಿಯ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬೇಕಿತ್ತು. ನಾನು ಊಟ ಆದ ಮೇಲೆ ಕೊಡುತ್ತಿದ್ದೆ. ಈಗ ಸರಿ ಮಾಡಿಕೊಂಡೆ. ಇನ್ನು ಒಗ್ಗರಣೆ ಇಲ್ಲ. ರಾಗಿ ಗಂಜಿ ತಣ್ಣಗೆ ಮಾಡಿ, ಸ್ವಲ್ಪ ಸ್ವಲ್ಪವೇ.

ಕೆಂಪು ಹೋಯಿತಂತೆ. "ಇಷ್ಟು ಬೇಗ ಇಳಿದೋಯ್ತಲ್ಲ ಮದ್ದು" ಎಂದು ಬೇಜಾರು ಮಾಡಿಕೊಂಡಳು.

ಜುಲೈ 10

ಸ್ಟೀಲ್ ತಟ್ಟೆಯಲ್ಲಿ ತಿಂದರೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದೆ ಎಂದಳು. ಬಾಳೆ ಎಲೆಯಲ್ಲಿ ಹಾಕಿ ಕೊಟ್ಟೆ. ಪೂರ್ತಿ ತಿಂದಳು. ಬಾಯಿಯ ಹುಣ್ಣಿಗೆ ಉಪ್ಪು, ಅಡುಗೆ ಸೋಡ ಹಾಕಿದ ನೀರು ಮುಕ್ಕಳಿಸಲು ಕೊಡುತ್ತಿದ್ದೇನೆ.

ಕಕ್ಕಬೆಯ ತೋಟದಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಬಾಳೆ ಎಲೆ ಬಾಡಿದ ವಾಸನೆ ಬರುತ್ತಿತ್ತು. ಅನ್ನ, ಹುರಿದ ಒಣಮೀನು. ದೊಡ್ಡವ್ವ ತನ್ನ ಮೀನಿನ ತಲೆಯನ್ನು ನನ್ನ ಕಡೆ ತಳ್ಳುತ್ತಿದ್ದಳು. ನನಗೆ ಮೀನಿನ ತಲೆ ಇಷ್ಟ ಎಂದು ಅವಳು ತಿಳಿದಿದ್ದಳು. ಅವಳಿಗೆ ಇಷ್ಟ ಎಂದು ನನಗೆ ಮೊನ್ನೆ ಮೊನ್ನೆ ಗೊತ್ತಾಯಿತು.

ಜುಲೈ 17

ಬೆಳಿಗ್ಗೆ ದಿಂಬಿನ ಮೇಲೆ ಕೂದಲಿನ ಗುಪ್ಪೆ. ಅವಳು ಅಳಲಿಲ್ಲ. ಜಗುಲಿಯಲ್ಲಿ ಕೂತು, "ತೆಗೆದ್ಬಿಡ್ಲಾ ಎಲ್ಲಾನೂ, ಉದುರೋದನ್ನ ಯಾರು ಗುಡಿಸ್ತಾರೆ" ಎಂದಳು. ಪಕ್ಕದ ಮನೆಯ ಪದ್ಮಾಕ್ಷಿ ಅಕ್ಕ, ನಮ್ಮೂರ ದೇವಸ್ಥಾನದ ಭಟ್ಟರ ಹೆಂಡತಿ, "ನಾನು ಮಾಡ್ತೇನೆ ರಂಗಮ್ಮ, ಹುಡುಗ ಬೇಡ" ಎಂದು ಬಂದರು.

"ಅವ್ನೇ ಮಾಡ್ಲಿ. ಚಿಕ್ಕವ್ನಿದ್ದಾಗ ಅವ್ನ ತಲೇಲಿ ಹೇನಾಗಿ ನಾನು ಬೋಳಿಸಿದ್ದೆ, ಆ ಸೇಡು ಇದ್ರೆ ತೀರಿಸ್ಕೊಳ್ಲಿ."

ಕತ್ತರಿಯಿಂದ ತೆಗೆದೆ. ಅವಳ ತಲೆ ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ. ಪಿಕ್ಕಿಂಗಿಗೆ ಹೋಗುವಾಗ ಇರುವೆ ಬೀಳದ ಹಾಗೆ ಕಟ್ಟಿಕೊಳ್ಳುತ್ತಿದ್ದ ಹಸಿರು ಚೌಕದ ಬಟ್ಟೆಯನ್ನೇ ಹುಡುಕಿ ಕಟ್ಟಿದೆ. ಕನ್ನಡಿ ನೋಡಿಕೊಂಡು, "ಇನ್ನೇನು, ತೋಟದ ಜೀಪು ಬರೋದೊಂದೇ ಬಾಕಿ" ಎಂದಳು.

ಜುಲೈ 23, ಬುಧವಾರ

ಎರಡನೇ ಕೀಮೋ. ಚೇತನ್‌ಕುಮಾರನ ಜೀಪಿನಲ್ಲಿ ಹೋದೆವು. ಸುಗ್ಗಿಯಲ್ಲಿ ನಮ್ಮನ್ನೆಲ್ಲ ತೋಟಗಳಿಗೆ ತುಂಬಿಕೊಂಡು ಹೋಗುವವನು ಅವನೇ. ನನಗಿಂತ ಸ್ವಲ್ಪ ದೊಡ್ಡವನು, ಬಾಯಿ ಮಾತ್ರ ಬಹಳ ದೊಡ್ಡದು. ದಾರಿಯುದ್ದಕ್ಕೂ, "ರಂಗಮ್ಮತ್ತೆ, ನಿಮ್ಮ ಮದುಮಗಳು ಇವತ್ತಾದ್ರೂ ಡಾಕ್ಟ್ರ ಮುಖ ನೋಡ್ತದಾ?" ಎಂದು ನನ್ನನ್ನು ಕಾಡಿದ.

ನೋಡಲಿಲ್ಲ. ಡಾಕ್ಟರಮ್ಮ ನನ್ನನ್ನೇ ಕೇಳಿದರು, ಹೊಟ್ಟೆ ಹೇಗಿದೆ, ಯೂರಿನ್ ಉರಿ ಇದೆಯಾ, ನೀರು ಎಷ್ಟು ಕುಡಿಯುತ್ತಾರೆ. ಅಂಥದ್ದನ್ನೆಲ್ಲ ನಾನು ದೊಡ್ಡವ್ವನನ್ನು ಕೇಳಿದ್ದರೆ ತಾನೆ? ನನ್ನ ಕಿವಿ ಬಿಸಿಯಾಯಿತು. ದೊಡ್ಡವ್ವನೇ, "ಕೊಡಗಟ್ಟಲೆ ಕುಡೀತೀನಿ ಕಣವ್ವ" ಎಂದಳು.

ಅದು ಸುಳ್ಳು.

ಜುಲೈ 29

ನೀರು ಕುಡಿಯುವುದಿಲ್ಲ. ಲೋಟ ಕೊಟ್ಟರೆ ತುಟಿಗೆ ತಾಗಿಸಿ ಇಡುತ್ತಾಳೆ. ಕಾರಣ ನನಗೆ ಗೊತ್ತು. ಕಕ್ಕಸು ಇರುವುದು ಹಿತ್ತಿಲಿನಾಚೆ ಬೇಲಿಯ ಹತ್ತಿರ. ಮಳೆಯಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ ಹೋಗಬೇಕು. ಕುಡಿದರೆ ಹೋಗಬೇಕು, ಅದಕ್ಕೆ ಕುಡಿಯುವುದಿಲ್ಲ. ನಾನೇ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ ಎನ್ನಬೇಕು ಅಂದುಕೊಂಡೆ. ಬಾಯಿಗೆ ಬರಲಿಲ್ಲ.

ಆಗಸ್ಟ್ 3, ಭಾನುವಾರ

ಇವತ್ತು ಆಟಿ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ದಿನ. ಈ ಒಂದು ದಿನ ಆ ಗಿಡದ ಎಲೆಯಲ್ಲಿ ಹದಿನೆಂಟು ಥರದ ಮದ್ದು ಸೇರುತ್ತದೆ ಎಂದು ಕಕ್ಕಬೆ ಕಡೆಯವರ ನಂಬಿಕೆ. ಎಲೆ ಕುದಿಸಿದರೆ ನೀರು ನೇರಳೆಯಾಗುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡುತ್ತಾರೆ. ನಮ್ಮ ಹಾಸನದ ಕಡೆಯವರಿಗೆ ಇದು ಗೊತ್ತಿಲ್ಲ. ನಾವು ಕಲಿತದ್ದು ಕಕ್ಕಬೆಯ ತೋಟದ ಕೂಲಿಮನೆಗಳ ಲೈನಿನಲ್ಲಿ.

ನೆನಪಾದರೆ ಈಗಲೂ ನಗು ಬರುತ್ತದೆ. ತೋಟದ ಮನೆಯಿಂದ ದೊಡ್ಡ ಪಾತ್ರೆಯಲ್ಲಿ ಪಾಯಸ ಬರುತ್ತಿತ್ತು. ಲೈನಿನ ಎಂಟು ಮನೆಯ ಮಕ್ಕಳೂ ಬಟ್ಟಲು ಹಿಡಿದು ಓಡುತ್ತಿದ್ದೆವು. ಮಾರನೇ ಬೆಳಿಗ್ಗೆ ಗಂಡುಮಕ್ಕಳೆಲ್ಲ ಲೈನಿನ ಹಿಂದೆ ಸಾಲಾಗಿ ನಿಂತು ಯಾರದ್ದು ಹೆಚ್ಚು ಕೆಂಪು ಎಂದು ಪಂದ್ಯ. ನಾನು ನಾಚಿಕೆಗೆ ಕಾಫಿ ಗಿಡದ ಮರೆಗೆ ಹೋಗುತ್ತಿದ್ದೆ. ದೊಡ್ಡವ್ವ ಬಾಗಿಲಲ್ಲೇ ಹಿಡಿದುಕೊಂಡು, "ಕೆಂಪಗಾಯ್ತೇನ್ಲಾ? ಹಂಗಾದ್ರೆ ಮದ್ದು ಮೈಗೆ ಹತ್ತೈತೆ, ಈ ವರ್ಷ ಜ್ವರ ಬರಲ್ಲ" ಎನ್ನುತ್ತಿದ್ದಳು. ಆಗ ಅವಳ ಮೈಯಲ್ಲಿ ಹೊಗೆ, ಬೆವರು, ಕಾಫಿ ಎಲೆ ಮೂರೂ ಸೇರಿದ ವಾಸನೆ. ಈಗ ಮದ್ದಿನ ವಾಸನೆಯೊಂದೇ.

ಪದ್ಮಾಕ್ಷಿ ಅಕ್ಕನ ತವರು ಭಾಗಮಂಡಲದ ಕಡೆ. ಅಲ್ಲಿಂದ ಗಿಡ ತಂದು ಹಿತ್ತಿಲಲ್ಲಿ ನೆಟ್ಟಿದ್ದಾರೆ, ಅದರ ಸೊಪ್ಪಿನಿಂದ ಪಾಯಸ ಮಾಡಿ ಬಟ್ಟಲು ತುಂಬ ತಂದರು. ಕೇಳದೆ ಯಾವ ಸೊಪ್ಪು, ಕಷಾಯವನ್ನೂ ಕೊಡಬೇಡಿ ಎಂದು ಸಿಸ್ಟರ್ ಹೇಳಿದ್ದು ನೆನಪಿತ್ತು. ನಂಬರು ಗೋಡೆಯ ಮೇಲಿತ್ತು. ಭಾನುವಾರ ಪಾಯಸದ ವಿಷಯಕ್ಕೆ ಫೋನ್ ಮಾಡಿದರೆ ಏನೆಂದುಕೊಳ್ಳುತ್ತಾರೋ ಎಂದು ನಾನು ಸಿಗ್ನಲ್ ಸಿಗುವ ಕಡೆಗೂ ಹೋಗದೆ ಕೈಯಲ್ಲಿ ಫೋನ್ ಹಿಡಿದು ನಿಂತೇ ಇದ್ದೆ. ಅಷ್ಟರಲ್ಲಿ ದೊಡ್ಡವ್ವ ಅರ್ಧ ಬಟ್ಟಲು ಮುಗಿಸಿದ್ದಳು.

"ಎಷ್ಟು ದಿನ ಆಯ್ತು ಪದ್ಮಕ್ಕ, ಬಾಯಿಗೆ ಸಿಹಿ ಸಿಹಿಯಾಗೇ ಇರೋದು" ಎಂದಳು. ಅವಳ ಮುಖ ನೋಡಿ ಉಳಿದರ್ಧವನ್ನು ನಾನು ತಿಂದೆ.

ಆಗಸ್ಟ್ 4

"ಸಣ್ಣಾ, ನಿಂದೂ ಕೆಂಪಾ?" ಎಂದು ಅಂಗಳದಿಂದಲೇ ಕೂಗಿದಳು. ಹೂಂ ಎಂದೆ. ಇಬ್ಬರೂ ನಕ್ಕೆವು. ಲೈನಿನ ದಿನಗಳೇ ಮನೆಗೆ ಬಂದ ಹಾಗಾಯಿತು.

ಆಗಸ್ಟ್ 6, ಬುಧವಾರ. ಆಸ್ಪತ್ರೆಯಲ್ಲಿ

ನಿನ್ನೆಯದ್ದನ್ನು ಇವತ್ತು ಬರೆಯುತ್ತಿದ್ದೇನೆ.

ನನ್ನ ಕೆಂಪು ಮೊನ್ನೆ ಸಂಜೆಗೇ ಹೋಗಿತ್ತು. ನಿನ್ನೆ ಇಳಿಹೊತ್ತಿಗೆ ದೊಡ್ಡವ್ವ ಕಕ್ಕಸಿನಿಂದ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಕೆಳತುಟಿ ಕಚ್ಚಿಕೊಂಡಿದ್ದಳು. ಏನಾಯಿತು ಎಂದರೆ ಏನಿಲ್ಲ ಎಂದಳು.

ಒಂದೇ ಬಟ್ಟಲಿನ ಪಾಯಸ. ನನಗೆ ಇಳಿದ ಬಣ್ಣ ಅವಳಿಗೂ ಇಳಿಯಿತೇ ಎಂದು ತಲೆಯಲ್ಲಿ ಹುಳ ಹೊಕ್ಕಿತು. ನನಗೆ ಗೊತ್ತಿರಲಿಲ್ಲ, ಕೇಳಿರಲಿಲ್ಲ. ಸ್ವಲ್ಪ ಹೊತ್ತು ಒಲೆ ಊದಿದೆ. ಆಮೇಲೆ ಬೆನ್ನು ಹಾಕಿಕೊಂಡೇ ಕೇಳಿದೆ.

"ದೊಡ್ಡವ್ವ, ಉಚ್ಚೆ ಇನ್ನೂ ಕೆಂಪೇನಾ?"

"ಹೂಂ. ಚೆನ್ನಾಗಿ ಹತ್ತೈತೆ ಈ ಸಲ."

"ಉರಿ?"

ತಿರುಗಿ ನೋಡಿದೆ. ಕಣ್ಣಲ್ಲಿ ನೀರು. ಹಣೆ ಮುಟ್ಟಿದರೆ ಸುಡುತ್ತಿತ್ತು. ಆಸ್ಪತ್ರೆಯಿಂದ ತಂದ ಥರ್ಮಾಮೀಟರ್ ಇಟ್ಟೆ. ನೂರಾ ಒಂದು.

ನಮ್ಮ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ಹಾಲಿನ ಡೈರಿಯ ಮುಂದೆ ಮಾತ್ರ ಸಿಗುತ್ತದೆ. ಓಡಿದೆ. ಸಂಜೆ ಹಾಲು ಅಳೆಯುವ ಹೊತ್ತು, ಕ್ಯಾನು ಹಿಡಿದುಕೊಂಡು ಅರ್ಧ ಊರೇ ನಿಂತಿತ್ತು. ಡೈರಿಯ ಶೀಟಿನ ಮೇಲೆ ಮಳೆ ಡಬಡಬ ಬಡಿಯುತ್ತಿತ್ತು. ಆ ಕಡೆಯಿಂದ ಸಿಸ್ಟರ್, "ಕೇಳ್ತಿಲ್ಲ, ಜೋರಾಗಿ ಹೇಳಿ" ಎಂದರು.

"ನಮ್ಮ ದೊಡ್ಡವ್ವಂಗೆ ಉಚ್ಚೆ ಕೆಂಪಗೆ ಹೋಗ್ತದೆ!"

"ಯಾವಾಗಿಂದ?"

"ಭಾನುವಾರದಿಂದ! ಮದ್ದು ಸೊಪ್ಪಿನ ಪಾಯಸ ತಿಂದಿದ್ರು, ನಾನೂ ತಿಂದಿದ್ದೆ, ನಂದು ನಿಂತಿದೆ, ಅವರದ್ದು ನಿಂತಿಲ್ಲ! ಉರಿ ಇದೆ! ಜ್ವರ ನೂರಾ ಒಂದು!"

"ಏನೂ ಮಾತ್ರೆ ಕೊಡಬೇಡಿ. ಈಗಲೇ ಹೊರಡಿ. ಬೆಳಗಾಗಲಿ ಅಂತ ಕಾಯಬೇಡಿ."

ತಿರುಗಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚೇತನ್‌ಕುಮಾರನೂ ಸಾಲಿನಲ್ಲಿದ್ದ. ಅವನು ಈಗ ಏನಾದರೂ ಅನ್ನುತ್ತಾನೆ ಎಂದುಕೊಂಡೆ. ಹಾಲಿನ ಕ್ಯಾನನ್ನು ಪಕ್ಕದವರ ಕೈಗೆ ಕೊಟ್ಟು, "ಜೀಪು ಇಲ್ಲೇ ಇದೆ, ಹತ್ತು" ಎಂದ. ಅಷ್ಟೇ.

ಆಸ್ಪತ್ರೆ ಮುಟ್ಟಿದ ಕೂಡಲೇ ರಕ್ತ ತೆಗೆದು, ಬಲಗೈಗೆ ಬಾಟಲಿ ಹಾಕಿದರು. ಬಿಳಿ ರಕ್ತಕಣ ತೀರಾ ಕಮ್ಮಿಯಾಗಿದೆ. ಇವತ್ತು ರಾತ್ರಿ ಕಳೆಯಲಿ ನೋಡೋಣ ಎಂದಿದ್ದಾರೆ.

ಆಗಸ್ಟ್ 7

ಜ್ವರ ಇಳಿದಿಲ್ಲ.

ಆಗಸ್ಟ್ 8

ಇಂದು ವರಮಹಾಲಕ್ಷ್ಮಿ ಹಬ್ಬ. ವಾರ್ಡಿನಲ್ಲಿ ಯಾರೋ ಒಬ್ಬರ ಮುಡಿಯಲ್ಲಿ ಮಲ್ಲಿಗೆ ಇತ್ತು. ದೊಡ್ಡವ್ವ ಕಣ್ಣು ಬಿಟ್ಟು, "ತೋಟದಲ್ಲಿ ಕಾಫಿ ಹೂವಾಯ್ತಾ?" ಎಂದು ಕೇಳಿದಳು. ಕಾಫಿ ಹೂ ಬಿಡುವುದು ಬೇಸಿಗೆಯ ಮೊದಲ ಮಳೆಗೆ. ಆದರೂ ಹೂಂ ಎಂದೆ. ಆ ಹೂ ಬಿಟ್ಟಾಗ ಕಕ್ಕಬೆಯಲ್ಲಿ ಬೆಟ್ಟವೆಲ್ಲ ಬೆಳ್ಳಗಾಗಿ, ಲೈನಿನ ಬಾಗಿಲು ಮುಚ್ಚಿದರೂ ವಾಸನೆ ಒಳಗೆ ಬರುತ್ತಿತ್ತು. ಅವಳು ಕದ ತೆಗೆದು, "ಬರ್ಲಿ ಬಿಡ್ಲಾ, ದುಡ್ಡು ಕೊಡ್ಬೇಕಾ" ಎನ್ನುತ್ತಿದ್ದಳು.

ಆಗಸ್ಟ್ 10, ಭಾನುವಾರ

ಜ್ವರ ಇಳಿಯಿತು. ಉಚ್ಚೆಯ ಬಣ್ಣವೂ ತಿಳಿಯಾಗುತ್ತಿದೆ. ಗಂಜಿ ಕುಡಿದಳು. ಬಾಳೆ ಎಲೆ ಇಲ್ಲವೆಂದು ಗೊಣಗಿದಳು. ಗೊಣಗಿದ್ದು ಕೇಳಿ ಖುಷಿಯಾಯಿತು.

ಡಾಕ್ಟರಮ್ಮನನ್ನು ಏನಾಗಿತ್ತು ಎಂದು ಕೇಳಿದೆ. ಅವರು ಕೂತು ಹೇಳಿದರು. ಕೆಂಪು ಮದ್ದಿನ ಬಣ್ಣ ಎರಡು ದಿನಕ್ಕೆ ಹೋಗಿಬಿಡುತ್ತದೆ. ಈ ತೊಂದರೆ ಬಣ್ಣವಿಲ್ಲದ ಇನ್ನೊಂದು ಮದ್ದಿನದು. ನೀರು ಸಾಕಷ್ಟು ಕುಡಿಯದಿದ್ದರೆ, ಉಚ್ಚೆ ಕಟ್ಟಿಕೊಂಡು ಕೂತರೆ, ಆ ಮದ್ದು ಉಚ್ಚೆಯ ಚೀಲದೊಳಗೆ ನಿಂತು ಸುಡುತ್ತದೆ. ಹೋಗಿದ್ದು ಬಣ್ಣವಲ್ಲ, ರಕ್ತ. ಜೊತೆಗೆ ಸೋಂಕೂ ಸೇರಿತ್ತು.

"ಹಾಗಾದ್ರೆ ಪಾಯಸದಿಂದ ಅಲ್ವಾ?" ಎಂದೆ.

"ಪಾಯಸದಿಂದ ಅಂತ ಹೇಳೋಕಾಗಲ್ಲ. ಆದ್ರೆ ಅದರ ಬಣ್ಣದಲ್ಲಿ ರಕ್ತ ಮುಚ್ಚಿಹೋಯ್ತು. ಟ್ರೀಟ್‌ಮೆಂಟ್ ನಡೆಯುವಾಗ ಇಂಥದ್ದು ಬೇಡ ಅನ್ನೋದು ಇದಕ್ಕೂ ಸೇರಿ. ಇನ್ನೊಂದು ದಿನ ತಡವಾಗಿದ್ರೆ ಕಷ್ಟ ಇತ್ತು."

ಇನ್ನು ಮುಂದೆ ಚೀಲ ಸುಡದ ಹಾಗೆ ಒಂದು ಮದ್ದು, ಮಾರನೇ ದಿನ ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಕೊಡುತ್ತಾರೆ. ಮೂರನೇ ಕೀಮೋ ಒಂದು ವಾರ ಮುಂದೆ ಹೋಗುತ್ತದೆ. ನಿಲ್ಲುವುದಿಲ್ಲ ತಾನೆ ಎಂದು ಮತ್ತೆ ಮತ್ತೆ ಕೇಳಿದೆ. ನಿಲ್ಲುವುದಿಲ್ಲ ಎಂದರು.

ಮಧ್ಯಾಹ್ನ ದೊಡ್ಡವ್ವ ಗೋಡೆಯ ಕಡೆ ತಿರುಗಿ ಮಲಗಿಕೊಂಡೇ ಹೇಳಿದಳು, "ಪಾಯಸಕ್ಕೆ ಮುಂಚೇನೇ ಕೆಂಪಿತ್ತು ಕಣ್ಲಾ. ಶುಕ್ರವಾರದಿಂದ."

"ಯಾಕೆ ಹೇಳ್ಲಿಲ್ಲ?"

"ಇಳಿದಿದ್ದ ಮದ್ದು ಮತ್ತೆ ಹತ್ತಿತು, ಒಳ್ಳೇದೇ ಆಯ್ತು ಅಂದ್ಕೊಂಡೆ. ಆಮೇಲೆ ಉರಿ ಶುರುವಾಯ್ತು. ಹೇಳಿದ್ರೆ ಕೀಮೋ ನಿಲ್ಲಿಸ್ಬಿಡ್ತಾರೆ ಅಂತ ಭಯ. ಅದೂ ಅಲ್ದೆ..." ಹೊದಿಕೆ ಮೇಲೆಳೆದುಕೊಂಡಳು. "ನೀನು ಗಂಡು ಹುಡ್ಗ. ನಿನ್ ಹತ್ರ ಹೆಂಗ್ಲಾ ಹೇಳೋದು ಅದನ್ನೆಲ್ಲ?"

"ಡೈರಿ ಹತ್ರ ಅರ್ಧ ಊರಿಗೆ ಹೇಳಿ ಬಂದಿದ್ದೀನಿ ದೊಡ್ಡವ್ವ."

ತಿರುಗಿ ನನ್ನನ್ನು ನೋಡಿದಳು. "ನೀನಾ?"

"ಮಳೆ ಜೋರಿತ್ತು, ಅದಕ್ಕೆ ಕೂಗಬೇಕಾಯ್ತು."

ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ಬೈದುಕೊಂಡು ಮತ್ತೆ ನಕ್ಕಳು. ಎಡಗಡೆಯ ಮೊಲೆ ತೆಗೆದ ಜಾಗ ಈಗಲೂ ಕೆಲವೊಮ್ಮೆ ಎಳೆಯುತ್ತದೆ.

ಆಗಸ್ಟ್ 15

ಮನೆಗೆ ಬಂದು ಎರಡು ದಿನವಾಯಿತು. ಇವತ್ತು ಹಿತ್ತಿಲ ಬಾಗಿಲಿನಿಂದ ಕಕ್ಕಸಿನವರೆಗೆ ಶೀಟು ಹೊದಿಸಿ, ಹಿಡಿದುಕೊಳ್ಳಲು ಬಿದಿರು ಕಟ್ಟಿ, ಒಂದು ಬಲ್ಬ್ ಹಾಕಿದೆವು. ಚೇತನ್‌ಕುಮಾರ್ ಏಣಿ ಮೇಲೆ ನಿಂತು, "ರಂಗಮ್ಮತ್ತೆ, ಉದ್ಘಾಟನೆ ನಿಮ್ಮಿಂದಲೇ ಆಗಲಿ" ಎಂದ. ದೊಡ್ಡವ್ವ ಒಂದು ಚೊಂಬು ನೀರು ಎಲ್ಲರ ಮುಂದೆ ಗಟಗಟ ಕುಡಿದು, ಸೆರಗು ಕೊಡವಿ, ರಾಣಿಯ ಹಾಗೆ ನಡೆದುಹೋದಳು.

ಪದ್ಮಾಕ್ಷಿ ಅಕ್ಕ ಬಂದು ಬಾಗಿಲಲ್ಲೇ ನಿಂತರು. "ನನ್ನ ಕೈಯಾರೆ ಕೊಟ್ಟೆನಲ್ಲೋ" ಎಂದು ಅತ್ತರು. ಅವರನ್ನು ಕೂರಿಸಿ, ಅದು ಯಾವ ಮದ್ದಿನಿಂದ ಆದದ್ದು, ನೀರು ಯಾಕೆ ಬೇಕು, ಪಾಯಸಕ್ಕೆ ಮುಂಚೆಯೇ ಅದು ಶುರುವಾಗಿತ್ತು, ಜ್ವರ ಬಂದರೆ ಯಾಕೆ ಕಾಯಬಾರದು ಎಂದೆಲ್ಲ ಹೇಳಿದೆ. ಅವರು ಕಣ್ಣೊರೆಸಿಕೊಂಡು, "ಇಷ್ಟು ಮಾತು ನಿನಗೆ ಯಾವಾಗ ಬಂತೋ?" ಎಂದರು. ನಾನೇನೂ ಹೆಚ್ಚು ಹೇಳಿರಲಿಲ್ಲ.

ಆಗಸ್ಟ್ 20

ಮೂರನೇ ಕೀಮೋ ಆಯಿತು. ಕೈಗೆ ಕೆಂಪು ಮದ್ದು ಹೋಗುವಾಗ ದೊಡ್ಡವ್ವ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಕ್ಕಬೆಯ ಮಾತೇ ಆಡಿದಳು. ಲೈನಿನ ಹಿಂದಿನ ತೊರೆ, ಏಲಕ್ಕಿ ಕದ್ದು ತಿಂದು ಸಿಕ್ಕಿಬಿದ್ದದ್ದು, ಶಾಲೆಗೆ ಹೋಗೆನೆಂದು ನಾನು ಮೆಣಸಿನ ಬಳ್ಳಿಯ ಮರಕ್ಕೆ ಅಪ್ಪಿಕೊಂಡು ಅತ್ತದ್ದು. ನವ್ಯಾ ಸಿಸ್ಟರ್ ಡ್ಯೂಟಿ ಮರೆತು ಕೇಳುತ್ತಾ ನಿಂತಿದ್ದರು. ಪಕ್ಕದ ಹಾಸಿಗೆಯಲ್ಲಿ ಹೊಸದಾಗಿ ಬಂದ ಒಬ್ಬ ಅಮ್ಮ ಇದ್ದರು. ಅವರ ಮಗ ನೆಲ ನೋಡುತ್ತಾ ಕೂತಿದ್ದ. ಎರಡು ದಿನ ಉಚ್ಚೆ ಕೆಂಪಾಗಿ ಹೋಗುತ್ತದೆ, ಮೂರನೇ ದಿನವೂ ಇದ್ದರೆ ಕೇಳಲೇಬೇಕು, ನಾಚಿಕೆ ಬೇಡ ಎಂದು ಅವನಿಗೆ ಹೇಳಿದೆ.

ಆಗಸ್ಟ್ 23, ಶನಿವಾರ

ಬೆಳಿಗ್ಗೆ ಬಿದಿರು ಹಿಡಿದುಕೊಂಡು ಬರುತ್ತಾ ದೊಡ್ಡವ್ವ ದೂರದಿಂದಲೇ ಕೂಗಿದಳು. "ನೀರಿನಂಗೇ ಐತೆ ಕಣ್ಲಾ!"

ಪದ್ಮಾಕ್ಷಿ ಅಕ್ಕ ಬೇಲಿಯ ಆಚೆಯಿಂದ, "ಕೇಳಿಸ್ತು ರಂಗಮ್ಮ, ಒಳ್ಳೇದಾಯ್ತು" ಎಂದರು. ಆಮೇಲೆ ನಾನು ಅವರ ಹಿತ್ತಿಲಿಗೆ ಹೋಗಿ, ತವರಿನಿಂದ ತಂದು ನೆಟ್ಟಿದ್ದ ಮದ್ದು ಸೊಪ್ಪಿನ ಗಿಡದಿಂದ ಒಂದು ಕಡ್ಡಿ ಕೇಳಿ ತಂದೆ.

ದೊಡ್ಡವ್ವ ಕಡ್ಡಿ ನೋಡಿದವಳೇ, "ಬ್ಯಾಡ ಅಂದವ್ರಲ್ಲ ಡಾಕ್ಟ್ರು?" ಎಂದಳು.

"ಈಗ ಬೇಡ. ಎಲ್ಲ ಮುಗಿದ ಮೇಲೆ, ಮುಂದಿನ ಆಟಿಗೆ, ಅವರನ್ನ ಕೇಳಿ ಒಂದು ಚಮಚ ತಿನ್ನಬಹುದಂತೆ. ಸಿಸ್ಟರಿಗೆ ಫೋನ್ ಮಾಡಿ ಕೇಳಿದೆ."

ಅವಳು ಹಸಿರು ಚೌಕದ ಬಟ್ಟೆಯನ್ನು ತಲೆಗೆ ಬಿಗಿದು ಕಟ್ಟಿಕೊಂಡಳು. "ಬಚ್ಚಲ ನೀರು ಹರಿಯೋ ಕಡೆ ನೆಡ್ಬ್ಯಾಡ. ಬೇಲಿ ಹತ್ರ ನೆಡು, ನೆರಳಿದೆ" ಎಂದಳು.

ಬೇಲಿಯ ಹತ್ತಿರ ಗುಂಡಿ ತೋಡಿ ಕಡ್ಡಿ ನೆಟ್ಟೆ. ಅವಳು ಕುಡಿದು ಉಳಿಸಿದ್ದ ಚೊಂಬಿನ ನೀರನ್ನು ಬುಡಕ್ಕೆ ಹಾಕಿದೆ.